ಕೊಡಗಿನ ಮನೆಯಲ್ಲಿ ಗಪ್ಪಿ ಸಾಯುತ್ತಿದ್ದರೆ: ಔಷಧಿಗೆ ಮೊದಲು ನೀರು ನೋಡಿ

ಜೂನ್ ಶುರುವಾಯಿತು ಅಂದರೆ ಮಡಿಕೇರಿ, ನಾಪೋಕ್ಲು, ಸೋಮವಾರಪೇಟೆ ಕಡೆ ಗಪ್ಪಿ ಮೀನು ಸಾಕುವವರದ್ದು ಒಂದೇ ಪ್ರಶ್ನೆ: 'ಯಾವ ಔಷಧಿ ಹಾಕಲಿ?' ಅಂಗಡಿಯಲ್ಲಿ ಒಂದು ನೀಲಿ ಬಾಟಲಿ ಕೊಡುತ್ತಾರೆ. ಹಾಕುತ್ತೀರಿ. ಮೀನು ಸಾಯುತ್ತಲೇ ಇರುತ್ತದೆ. ನನ್ನ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಗಪ್ಪಿಗೆ ಬರುವ ತೊಂದರೆಗಳಲ್ಲಿ ಜಾಸ್ತಿ ಪಾಲು ರೋಗದ್ದಲ್ಲ, ನೀರಿನದ್ದು. ನೀರು ತಣ್ಣಗಿರುತ್ತದೆ, ಜೊತೆಗೆ ತೀರಾ ಮೆದುವಾಗಿರುತ್ತದೆ, ಅಂದರೆ ಕ್ಯಾಲ್ಸಿಯಂನಂಥ ಖನಿಜ ಕಡಿಮೆ. ಇವೆರಡನ್ನೂ ಸರಿಮಾಡದೆ ಎಷ್ಟು ಬಾಟಲಿ ಸುರಿದರೂ ದುಡ್ಡು ದಂಡ.

ಗಪ್ಪಿಯ ಮೂಲ ಟ್ರಿನಿಡಾಡ್, ವೆನೆಜುವೆಲಾ ಕಡೆ. ಅದಕ್ಕೆ 24ರಿಂದ 28 ಡಿಗ್ರಿ ಬೆಚ್ಚಗಿನ ನೀರು ಬೇಕು, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ; 7ಕ್ಕಿಂತ ಕಡಿಮೆಯಾದರೆ ಹುಳಿ) 7ರಿಂದ 8ರ ಒಳಗಿರಬೇಕು, ನೀರು ಸ್ವಲ್ಪ ಗಡಸಾಗಿದ್ದರೆ ಇನ್ನೂ ಒಳ್ಳೆಯದು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಬಿಸಿಲೇ ಕಾಣದ ವಾರಗಳಿರುತ್ತವೆ. ಮನೆಯೊಳಗಿನ ತೊಟ್ಟಿಯ ನೀರೂ 18–19 ಡಿಗ್ರಿಗೆ ಇಳಿಯುವುದು ದೊಡ್ಡ ಮಾತಲ್ಲ. ಹೀಟರ್ ಇಲ್ಲದೆ ಗಪ್ಪಿ ಸಾಕುತ್ತೇನೆ ಅನ್ನುವುದು ಕುಶಾಲನಗರದಲ್ಲಿ ಬೇಸಿಗೆ ತಿಂಗಳಲ್ಲಿ ನಡೆದೀತು, ಮಡಿಕೇರಿಯಲ್ಲಿ ನಡೆಯುವುದಿಲ್ಲ.

ಮೊದಲು ಕೈ ಕಟ್ಟಿ ನೋಡಿ

ಬೆಳಿಗ್ಗೆ ಆಹಾರ ಹಾಕುವ ಮುಂಚೆ ಐದು ನಿಮಿಷ ತೊಟ್ಟಿಯ ಮುಂದೆ ಸುಮ್ನೆ ಕೂತುಕೊಳ್ಳಿ. ಲೈಟ್ ಹಾಕಿ, ಬೇರೇನೂ ಮಾಡಬೇಡಿ. ನೋಡಬೇಕಾದ್ದು ಒಂದೇ: ತೊಂದರೆ ಎಲ್ಲಾ ಮೀನಿಗೂ ಒಟ್ಟಿಗೆ ಬಂದಿದೆಯಾ, ಇಲ್ಲಾ ಒಂದೆರಡಕ್ಕೆ ಬಂದು ಮೆಲ್ಲಗೆ ಬೇರೆಯವಕ್ಕೆ ಹಬ್ಬುತ್ತಿದೆಯಾ? ಎಲ್ಲವಕ್ಕೂ ಒಟ್ಟಿಗೆ ಅಂದರೆ ನೀರನ್ನು ಅನುಮಾನಿಸಿ. ಒಂದೊಂದಾಗಿ ಅಂದರೆ ರೋಗ ಇರಬಹುದು. ಒಂದೇ ಒಂದು ಮೀನು, ಅದೂ ವರ್ಷ ದಾಟಿದ ಗಂಡು, ಮೂಲೆ ಹಿಡಿದಿದ್ದರೆ ಅದಕ್ಕೆ ವಯಸ್ಸಾಗಿದೆ ಅಷ್ಟೇ. ಗಪ್ಪಿ ಬದುಕುವುದೇ ಎರಡು ವರ್ಷದ ಆಸುಪಾಸು.

ಆಮೇಲೆ ಥರ್ಮಾಮೀಟರ್. ಬೆರಳು ಅದ್ದಿ ನೋಡಿ 'ಅಷ್ಟೇನೂ ತಣ್ಣಗಿಲ್ಲ' ಅನ್ನುವುದು ಲೆಕ್ಕಕ್ಕಿಲ್ಲ. ನಮ್ಮ ಕೈಯೇ ಜುಲೈನಲ್ಲಿ ತಣ್ಣಗಿರುತ್ತದೆ ಅಲ್ವಾ.

ನಿಂತಲ್ಲೇ ನಡುಗುತ್ತಿದೆ, ಮುಂದೆ ಹೋಗುತ್ತಿಲ್ಲ

ಇಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಮೀನು ಈಜುವ ಹಾಗೆ ಮೈ ಆಡಿಸುತ್ತದೆ, ಆದರೆ ಇದ್ದ ಜಾಗದಲ್ಲೇ ಇರುತ್ತದೆ. ಹತ್ತಿರದಿಂದ ನೋಡಿದರೆ ತಲೆಯೂ ಬಾಲವೂ ಎಡಕ್ಕೆ ಬಲಕ್ಕೆ ಸಣ್ಣಗೆ ಅದುರುತ್ತಿರುತ್ತವೆ. ಬೀಸಣಿಗೆಯಂತೆ ಬಿಚ್ಚಿಕೊಂಡಿರಬೇಕಾದ ಬಾಲ ಮುದುಡಿ ಕಡ್ಡಿಯಾಗಿರುತ್ತದೆ. ಬೆನ್ನಿನ ರೆಕ್ಕೆ ಮೈಗೆ ಅಂಟಿರುತ್ತದೆ. ಮೈಮೇಲೆ ಚುಕ್ಕೆಯಿಲ್ಲ, ಗಾಯವಿಲ್ಲ. ಆಹಾರ ಹಾಕಿದರೆ ಬರುತ್ತದೆ, ಬಾಯಿಗೆ ತೆಗೆದುಕೊಂಡು ಉಗುಳುತ್ತದೆ.

ಕಾರಣ ಎರಡು. ಮೊದಲನೆಯದು ಚಳಿ. ಥರ್ಮಾಮೀಟರ್ 22ಕ್ಕಿಂತ ಕೆಳಗೆ ತೋರಿಸಿದರೆ ಮೊದಲು ಅದನ್ನೇ ಸರಿಮಾಡಿ. ಒಂದೇ ಏಟಿಗೆ 26ಕ್ಕೆ ಏರಿಸಬೇಡಿ. ದಿನಕ್ಕೆ 2 ಡಿಗ್ರಿ ಸಾಕು. ಹೀಟರ್ ಎಷ್ಟು ವ್ಯಾಟ್ ಬೇಕು ಅಂತ ಕೇಳಿದರೆ ಲೀಟರಿಗೆ 1 ವ್ಯಾಟ್ ಅನ್ನುತ್ತಾರೆ. ಆ ಲೆಕ್ಕ ಕೋಣೆಗಿಂತ ಐದಾರು ಡಿಗ್ರಿ ಏರಿಸಲು ಸರಿ. ನಮ್ಮಲ್ಲಿ ಕೋಣೆಯೇ 16ರಲ್ಲಿದ್ದು ನೀರು 25 ಆಗಬೇಕಾದರೆ ಲೀಟರಿಗೆ 2 ವ್ಯಾಟ್ ಇಟ್ಟುಕೊಳ್ಳಿ. 50 ಲೀಟರಿನ ತೊಟ್ಟಿಗೆ 100 ವ್ಯಾಟ್. ಅದರ ಜೊತೆಗೆ ಮೇಲೆ ಗಾಜಿನ ಮುಚ್ಚಳ ಇರಲಿ, ಮೂರು ಬದಿಗೆ ಥರ್ಮಾಕೋಲ್ ಹಾಳೆ ಅಂಟಿಸಿ. ಮುಚ್ಚಳವಿಲ್ಲದ ತೊಟ್ಟಿಯಲ್ಲಿ ಹೀಟರ್ ಇಡೀ ರಾತ್ರಿ ಉರಿದರೂ ಬಿಸಿ ಆವಿಯ ಜೊತೆ ಹೋಗಿಬಿಡುತ್ತದೆ. ಹೀಟರ್‌ನ ಪ್ಲಗ್ ತೆಗೆಯದೆ ನೀರಿಗೆ ಕೈ ಹಾಕಬೇಡಿ. ತೆಗೆದು ಹದಿನೈದು ನಿಮಿಷ ಬಿಟ್ಟು ನೀರು ಖಾಲಿ ಮಾಡಿ. ಬಿಸಿ ಗಾಜು ಗಾಳಿಗೆ ಬಂದರೆ ಒಡೆಯುತ್ತದೆ.

ನೀರು 25ರಲ್ಲಿದೆ, ಆದರೂ ನಡುಗುತ್ತಿದೆ ಅಂದರೆ ಎರಡನೇ ಕಾರಣ: ಮೆದು ನೀರು. ಸಿಹಿನೀರಿನ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಉಪ್ಪಿನಂಶ ಜಾಸ್ತಿ. ಹಾಗಾಗಿ ಹೊರಗಿನ ನೀರು ಸದಾ ಒಳಗೆ ನುಗ್ಗುತ್ತಿರುತ್ತದೆ, ಒಳಗಿನ ಲವಣ ಸೋರುತ್ತಿರುತ್ತದೆ. ಮೀನು ಬಿಡುವಿಲ್ಲದೆ ನೀರನ್ನು ಹೊರಗೆ ಹಾಕುತ್ತಾ ಲವಣ ಉಳಿಸಿಕೊಳ್ಳಬೇಕು. ಗಡಸು ನೀರಿಗೆ ಒಗ್ಗಿದ ಗಪ್ಪಿಗೆ ತೀರಾ ಮೆದು ನೀರಿನಲ್ಲಿ ಈ ಕೆಲಸ ಕೈ ಮೀರುತ್ತದೆ. ನಾವು ಅಂಗಡಿಯಿಂದ ತರುವ ಮೀನು ಎಷ್ಟೋ ಸಲ ಬೆಂಗಳೂರಿನಿಂದಲೋ ಚೆನ್ನೈನ ಕೊಳತ್ತೂರಿನಿಂದಲೋ ಬಂದಿರುತ್ತದೆ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಬೆಳೆದಿರುತ್ತದೆ. ನಮ್ಮ ಬಾವಿ ನೀರಿಗೆ ಸೀದಾ ಬಿಟ್ಟರೆ ಅದು ತಡೆಯುವುದಿಲ್ಲ.

ನಿಮ್ಮ ನೀರು ಮೆದುವೇ ಅಂತ ತಿಳಿಯಲು ಮನೆಯಲ್ಲೇ ಸುಳಿವುಗಳಿವೆ. ಸೋಪು ಬೇಗ ನೊರೆ ಬರುತ್ತದಾ? ಎಷ್ಟು ತೊಳೆದರೂ ಕೈ ಜಾರುತ್ತಿದ್ದ ಹಾಗೆ ಅನಿಸುತ್ತದಾ? ವರ್ಷಗಟ್ಟಲೆ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟಿಲ್ವಾ? ಹಾಗಿದ್ದರೆ ಮೆದು ನೀರು. ನಿಖರವಾಗಿ ಬೇಕಾದರೆ ಜಿಎಚ್ ಮತ್ತು ಕೆಎಚ್ ತೋರಿಸುವ ಟೆಸ್ಟ್ ಕಿಟ್ ತನ್ನಿ. ಜಿಎಚ್ ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಅಂತ. ಕೆಎಚ್ ಅಂದರೆ ನೀರು ಹುಳಿಯಾಗದಂತೆ ತಡೆಯುವ ಶಕ್ತಿ. ಗಪ್ಪಿಗೆ ಜಿಎಚ್ 8ರಿಂದ 12, ಕೆಎಚ್ 4ಕ್ಕಿಂತ ಮೇಲೆ ಇದ್ದರೆ ನೆಮ್ಮದಿ.

ತೋಟದ ಮಣ್ಣು ಹುಳಿಯಾದರೆ ಸುಣ್ಣ ಹಾಕಿ ಸರಿಮಾಡುತ್ತೇವಲ್ಲ, ತೊಟ್ಟಿಗೂ ಅದೇ ಚಿಕಿತ್ಸೆ. ಆದರೆ ಗೋದಾಮಿನಲ್ಲಿರುವ ಸುಣ್ಣದ ಚೀಲಕ್ಕೆ ಮಾತ್ರ ಕೈ ಹಾಕಬೇಡಿ! ಸುಟ್ಟ ಸುಣ್ಣವಾಗಲಿ, ಅರಳಿದ ಸುಣ್ಣವಾಗಲಿ, ಒಂದು ಚಿಟಿಕೆ ಜಾಸ್ತಿಯಾದರೂ ಪಿಎಚ್ ಗಗನಕ್ಕೇರಿ ಮೀನಿನ ಕಿವಿರು ಸುಟ್ಟುಹೋಗುತ್ತದೆ. ಬೇಕಾಗಿರುವುದು ನಿಧಾನಕ್ಕೆ ಕರಗುವ ವಸ್ತು. ಅಕ್ವೇರಿಯಂ ಅಂಗಡಿಯ ಹವಳದ ಚೂರು ಎಲ್ಲಕ್ಕಿಂತ ಒಳ್ಳೆಯದು. ಒಂದು ಹಿಡಿ ತೆಗೆದು ಹಳೆ ಸಾಕ್ಸ್‌ನ ಬಟ್ಟೆಯಲ್ಲಿ ಕಟ್ಟಿ ಫಿಲ್ಟರ್‌ನ ಗುಳ್ಳೆ ಏಳುವ ಕಡೆ ಇಡಿ. ಸಮುದ್ರದ ಚಿಪ್ಪೂ ಆಗುತ್ತದೆ. ಮೊಟ್ಟೆ ಚಿಪ್ಪನ್ನು ಕುದಿಸಿ, ಒಳಪೊರೆ ಕಿತ್ತು, ಒಣಗಿಸಿ, ಪುಡಿಮಾಡಿ ಕಟ್ಟಿಟ್ಟರೂ ನಡೆಯುತ್ತದೆ. ನೀರು ಹುಳಿಯಾದಷ್ಟೂ ಇವು ಬೇಗ ಕರಗುತ್ತವೆ, ಸರಿಯಾಗುತ್ತಾ ಬಂದ ಹಾಗೆ ಕರಗುವುದು ಕಡಿಮೆಯಾಗುತ್ತದೆ. ಅಳತೆ ತಪ್ಪುವ ಭಯ ಕಡಿಮೆ. ಫಲ ಕಾಣಲು ಒಂದೆರಡು ವಾರ ಬೇಕು.

ಅಷ್ಟರ ತನಕ ನಡುಗುವ ಮೀನಿಗೆ ಉಪ್ಪು ಕೊಡಿ. ಲೀಟರಿಗೆ 1 ಗ್ರಾಂ, ಅಂದರೆ 50 ಲೀಟರಿಗೆ 50 ಗ್ರಾಂ ಕಲ್ಲುಪ್ಪು. ಚೊಂಬಿನಲ್ಲಿ ಕರಗಿಸಿ, ಎರಡು ದಿನಕ್ಕೆ ಹಂಚಿ ಹಾಕಿ. ಉಪ್ಪಿನಿಂದ ಗಡಸುತನ ಏರುವುದಿಲ್ಲ, ಅದು ಮೀನಿಗೆ ಸ್ವಲ್ಪ ಉಸಿರಾಡಲು ಪುರುಸೊತ್ತು ಕೊಡುತ್ತದೆ ಅಷ್ಟೇ.

ನೀರು ಬದಲಾಯಿಸಿದ ದಿನವೇ ಸತ್ತವು

'ತಿಂಗಳುಗಟ್ಟಲೆ ಚೆನ್ನಾಗಿದ್ವು ಅಣ್ಣಾ, ಕ್ಲೀನ್ ಮಾಡಿದ್ದೇ ತಪ್ಪಾಯ್ತು' ಅಂತ ಹೇಳುವವರು ಬಹಳ. ಅವರು ಹೇಳುವುದು ಸುಳ್ಳಲ್ಲ. ಏನಾಗುತ್ತದೆ ಅಂದರೆ, ಮೀನಿನ ಹಿಕ್ಕೆ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರ್‌ನ ಸ್ಪಾಂಜ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಈ ಕೆಲಸದಲ್ಲಿ ನೀರಿನ ಕೆಎಚ್ ಖರ್ಚಾಗುತ್ತಾ ಹೋಗುತ್ತದೆ. ನಮ್ಮ ನೀರಿನಲ್ಲಿ ಕೆಎಚ್ ಮೊದಲೇ ಕಡಿಮೆ. ಅದು ಮುಗಿದ ದಿನ ಪಿಎಚ್ ದಡಕ್ಕನೆ 6ರ ಹತ್ತಿರ ಇಳಿಯುತ್ತದೆ. ಅಲ್ಲಿಗೆ ಬ್ಯಾಕ್ಟೀರಿಯಾದ ಕೆಲಸವೂ ಹೆಚ್ಚುಕಡಿಮೆ ನಿಲ್ಲುತ್ತದೆ. ಅಮೋನಿಯಾ ಕೂಡುತ್ತಾ ಹೋಗುತ್ತದೆ. ಆದರೂ ಮೀನು ಸಾಯುವುದಿಲ್ಲ, ಯಾಕೆಂದರೆ ಹುಳಿ ನೀರಿನಲ್ಲಿ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಅದರ ವಿಷ ಬಹಳ ಕಡಿಮೆ.

ಈಗ ನೀವು ಬಂದು ಮುಕ್ಕಾಲು ತೊಟ್ಟಿ ಖಾಲಿ ಮಾಡಿ ಹೊಸ ನೀರು ತುಂಬುತ್ತೀರಿ, ಜೊತೆಗೆ ಒಳ್ಳೆಯದಾಗಲಿ ಅಂತ ಒಂದು ಚಮಚ ಅಡಿಗೆ ಸೋಡಾ ಹಾಕುತ್ತೀರಿ. ಪಿಎಚ್ ಒಂದೇ ಸಲಕ್ಕೆ 7.5 ದಾಟುತ್ತದೆ. ಉಳಿದಿದ್ದ ಅಮೋನಿಯಂನ ಒಂದು ಪಾಲು ನಿಜವಾದ ಅಮೋನಿಯಾ ಆಗುತ್ತದೆ. ಸಂಜೆಯೊಳಗೆ ಮೀನು ಮೇಲ್ಗಡೆ ಬಾಯಿ ಬಿಡುತ್ತವೆ, ಕಿವಿರು ಕೆಂಪಾಗುತ್ತದೆ.

ಪತ್ತೆ ಮಾಡುವುದು ಹೀಗೆ: ನೀರು ಬದಲಾಯಿಸುವ ಮುಂಚೆ ತೊಟ್ಟಿಯ ಪಿಎಚ್ ಮತ್ತು ಬಾವಿ ನೀರಿನ ಪಿಎಚ್ ಎರಡನ್ನೂ ನೋಡಿ. ಬಾವಿ ನೀರನ್ನು ಬಕೆಟ್‌ನಲ್ಲಿ ಒಂದು ದಿನ ಇಟ್ಟು, ಆಮೇಲೆ ಅಳೆಯಬೇಕು. ತೊಟ್ಟಿಯದು 6.5ಕ್ಕಿಂತ ಕೆಳಗಿದ್ದು ಅಮೋನಿಯಾ ಪಟ್ಟಿ ಹಸಿರಾದರೆ, ದೋಷ ಇದೇ. ಆಗ ಮೊದಲು ಸೋಡಾ ಬೇಡ, ಹವಳವೂ ಬೇಡ. ಅದೇ ಬಾವಿಯ ನೀರಿನಲ್ಲಿ ದಿನಾ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ ಎಂಟರಲ್ಲಿ ಒಂದು ಪಾಲು ಬದಲಾಯಿಸುತ್ತಾ ಅಮೋನಿಯಾವನ್ನು ಇಳಿಸಿ. ಆಹಾರ ನಿಲ್ಲಿಸಿ. ಅಮೋನಿಯಾ ಪೂರ್ತಿ ಇಳಿದ ಮೇಲೆ ಕೆಎಚ್ ಏರಿಸಲು ಶುರುಮಾಡಿ. 50 ಲೀಟರಿಗೆ ಒಂದು ಟೀ ಚಮಚ ಅಡಿಗೆ ಸೋಡಾ ಕೆಎಚ್ ಅನ್ನು ಸುಮಾರು 4ರಷ್ಟು ಏರಿಸುತ್ತದೆ. ಅಷ್ಟನ್ನೂ ಒಂದೇ ದಿನ ಹಾಕಬಾರದು. ದಿನಕ್ಕೆ ಕಾಲು ಚಮಚ ಸಾಕು. ಹವಳದ ಗಂಟು ಇಟ್ಟರೆ ಮುಂದೆ ಸೋಡಾದ ಅಗತ್ಯವೇ ಬೀಳುವುದಿಲ್ಲ.

ಹೊಸ ತೊಟ್ಟಿಯ ಕತೆ ಬೇರೆ. ಅಲ್ಲಿ ಬ್ಯಾಕ್ಟೀರಿಯಾ ಇನ್ನೂ ಹುಟ್ಟಿರುವುದಿಲ್ಲ. ಬೆಚ್ಚಗಿನ ನೀರಿನಲ್ಲೇ ನಾಲ್ಕರಿಂದ ಆರು ವಾರ ಬೇಕು, ಚಳಿ ನೀರಿನಲ್ಲಿ ಇನ್ನೂ ಜಾಸ್ತಿ. ಸ್ನೇಹಿತರ ತೊಟ್ಟಿಯಿಂದ ಹಳೇ ಸ್ಪಾಂಜ್‌ನ ಅರ್ಧ ತುಂಡು ತಂದು ಹಾಕಿದರೆ ಈ ಕಾಯುವ ಕಾಲ ಬಹಳ ಕಮ್ಮಿಯಾಗುತ್ತದೆ.

ರಾತ್ರಿ ಚೆನ್ನಾಗಿದ್ದವು, ಬೆಳಿಗ್ಗೆ ಒಂದೂ ಉಳಿದಿಲ್ಲ

ಇದು ವಿಷ, ಇಲ್ಲಾ ಹೀಟರ್‌ನ ಥರ್ಮೋಸ್ಟಾಟ್ ಅಂಟಿಕೊಂಡು ನೀರು ಕಾದುಹೋಗಿರುವುದು. ನೀರು ಮುಟ್ಟುವ ಮುಂಚೆ ಸ್ವಿಚ್ ಆರಿಸಿ, ಥರ್ಮಾಮೀಟರ್ ನೋಡಿ. 34 ದಾಟಿದ್ದರೆ ಹೀಟರ್ ಬಿಸಾಕಿ, ರಿಪೇರಿ ಬೇಡ.

ತಾಪಮಾನ ಸರಿಯಿದ್ದರೆ, ನಮ್ಮ ಊರಿನಲ್ಲಿ ಮೊದಲ ಅನುಮಾನ ಮೈಲುತುತ್ತದ ಮೇಲೆ. ಮಳೆಗೆ ಮುಂಚೆ ಕಾಫಿಗೂ ಕರಿಮೆಣಸಿಗೂ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವುದು ತಾಮ್ರ. ತಾಮ್ರ ಮೀನಿಗೆ ವಿಷ, ಅದೂ ಮೆದು ನೀರಿನಲ್ಲಿ ಅದರ ಏಟು ಇನ್ನೂ ಜೋರು. ಬೋರ್ಡೋ ಕಲಸಿದ ಡ್ರಮ್ಮು, ಬಕೆಟ್, ಹೋಸ್ ಪೈಪು ಎಷ್ಟು ತೊಳೆದರೂ ತೊಟ್ಟಿ ಹತ್ತಿರ ತರಬೇಡಿ. ಸಿಂಪಡಿಸುವ ವಾರ ಮಾಡಿನ ನೀರು ಹಿಡಿದು ತೊಟ್ಟಿಗೆ ಹಾಕಬೇಡಿ. ಬಸವನಹುಳು, ಸೀಗಡಿ ಇದ್ದರೆ ಅವು ಮೀನಿಗಿಂತ ಮುಂಚೆ ಸಾಯುತ್ತವೆ. ಅದೇ ಸುಳಿವು.

ಎರಡನೆಯದು ಬಚ್ಚಲಿನ ಹಂಡೆ. ಚಳಿ ನೀರಿಗೆ ಬೆರೆಸಲು ತಾಮ್ರದ ಹಂಡೆಯಿಂದ ಬಿಸಿನೀರು ಮೊಗೆದು ತರುವುದು ಎಲ್ಲರ ಮನೆಯಲ್ಲೂ ಸಹಜ. ರಾತ್ರಿಯಿಡೀ ಹಂಡೆಯಲ್ಲಿದ್ದ ಬಿಸಿಯಾದ, ಹುಳಿಯಾದ, ಮೆದು ನೀರು ತಾಮ್ರವನ್ನು ಕರಗಿಸಿಕೊಂಡಿರುತ್ತದೆ. ಸ್ನಾನಕ್ಕೆ ಏನೂ ತೊಂದರೆಯಿಲ್ಲ, ಗಪ್ಪಿಗೆ ತೊಂದರೆ. ತೊಟ್ಟಿಯ ನೀರನ್ನು ಸ್ಟೀಲ್ ಪಾತ್ರೆಯಲ್ಲೇ ಬಿಸಿಮಾಡಿ.

ಮೂರನೆಯದು ಗಾಳಿಯಿಂದ ಬರುವುದು. ಮಳೆಗಾಲದಲ್ಲಿ ಕಿಟಕಿ ಬಾಗಿಲು ಹಾಕಿರುತ್ತೇವೆ, ಒಳಗೆ ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ. ಏರ್ ಪಂಪ್ ಆ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ. ಈ ಔಷಧಿಗಳಲ್ಲಿರುವ ಪೈರೆಥ್ರಾಯ್ಡ್ ಮನುಷ್ಯರಿಗಿಂತ ಮೀನಿಗೆ ಬಹಳ ಜಾಸ್ತಿ ವಿಷ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರವೂ ಜಾಗ್ರತೆ. ವಾಸನೆ ಬಂದರೆ ಒಂದು ದಿನ ಗಾಳಿ ಗುಳ್ಳೆ ಬಿಟ್ಟು ಇಡಿ, ಇಲ್ಲವೇ ಆಂಟಿ ಕ್ಲೋರಿನ್ ಹನಿ ಹಾಕಿ.

ಕರೆಂಟ್ ಹೋದರೆ

ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ನಮಗೇನು ಹೊಸದಲ್ಲ. ತೊಟ್ಟಿಗೆ ಕಂಬಳಿ ಹೊದಿಸಿ, ಮೇಲ್ಭಾಗ ಸ್ವಲ್ಪ ತೆರೆದಿಡಿ. ಆಹಾರ ಪೂರ್ತಿ ನಿಲ್ಲಿಸಿ, ದೊಡ್ಡ ಗಪ್ಪಿ ನಾಲ್ಕೈದು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ಬಿಸಿನೀರು ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ತೇಲಿಬಿಟ್ಟರೆ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ. ಪವರ್ ಬ್ಯಾಂಕ್‌ಗೆ ಹಾಕುವ ಯುಎಸ್‌ಬಿ ಏರ್ ಪಂಪ್ ಒಂದನ್ನು ಕೊಂಡಿಟ್ಟುಕೊಳ್ಳಿ, ಹೀಟರ್‌ಗಿಂತ ಕಡಿಮೆ ಬೆಲೆ.

ಕರೆಂಟ್ ಹೋದಾಗ ನೆಲವೆಲ್ಲಾ ನೀರಾದರೆ ತೊಟ್ಟಿ ಒಡೆದಿದೆ ಅಂತ ಗಾಬರಿಯಾಗಬೇಡಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿಯುತ್ತದೆ. ಪಂಪನ್ನು ಮೇಲೆ ನೇತು ಹಾಕಿ, ಇಲ್ಲವೇ ನಾನ್ ರಿಟರ್ನ್ ವಾಲ್ವ್ ಹಾಕಿ. ಕರೆಂಟ್ ಬಂದ ಕೂಡಲೇ ಫಿಲ್ಟರ್ ಸ್ವಿಚ್ ಒತ್ತಬೇಡಿ. ಗಾಳಿಯಿಲ್ಲದೆ ಸ್ಪಾಂಜ್ ಒಳಗೆ ಕೊಳೆತಿರುವುದೆಲ್ಲಾ ತೊಟ್ಟಿಗೆ ಬರುತ್ತದೆ. ತೊಟ್ಟಿಯದೇ ನೀರು ಒಂದು ಬಕೆಟ್ ತೆಗೆದು ಅದರಲ್ಲಿ ಸ್ಪಾಂಜ್ ಹಿಂಡಿ ಆಮೇಲೆ ಶುರುಮಾಡಿ.

ನಿಜವಾಗಿಯೂ ರೋಗವೇ ಆದರೆ

ಬಿಳಿ ಅಂದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ರವೆಯ ಕಾಳಿನಂತೆ ಬಿಡಿಬಿಡಿ ಚುಕ್ಕೆ, ಮೀನು ಕಲ್ಲಿಗೆ ಮೈ ಉಜ್ಜುತ್ತಿದೆ ಅಂದರೆ ಬಿಳಿಚುಕ್ಕೆ ರೋಗ. ಇದಕ್ಕೆ ಬಿಸಿ ಒಳ್ಳೆಯದು. 29–30 ಡಿಗ್ರಿಗೆ ನಿಧಾನಕ್ಕೆ ಏರಿಸಿ, ಗಾಳಿ ಜಾಸ್ತಿ ಮಾಡಿ, ಉಪ್ಪು ಲೀಟರಿಗೆ 2 ಗ್ರಾಂ ತನಕ ಒಯ್ಯಿರಿ. ಔಷಧಿ ಸಾಯಿಸುವುದು ನೀರಿನಲ್ಲಿ ಈಜುವ ಪರಾವಲಂಬಿಯನ್ನು ಮಾತ್ರ, ಚುಕ್ಕೆಯೊಳಗಿರುವುದನ್ನಲ್ಲ. ಆದ್ದರಿಂದ ಚುಕ್ಕೆ ಮಾಯವಾದ ಮೇಲೂ ಒಂದು ವಾರ ಮುಂದುವರಿಸಬೇಕು. ತಣ್ಣೀರಿನಲ್ಲಿ ಈ ಜೀವಿಯ ಚಕ್ರ ನಿಧಾನ, ಹಾಗಾಗಿಯೇ ಹೀಟರ್ ಇಲ್ಲದವರಿಗೆ ಔಷಧಿ ಹಾಕಿದರೂ ಮತ್ತೆ ಮತ್ತೆ ಬರುತ್ತದೆ.

ಬಾಯಿಯ ಸುತ್ತ ಹತ್ತಿಯಂತೆ, ಇಲ್ಲವೇ ಬೆನ್ನಿನ ಮೇಲೆ ಮಾಸಲು ಬಿಳಿ ಪಟ್ಟಿಯಂತೆ ಇದ್ದರೆ ಅದು ಕಾಲಮ್ನಾರಿಸ್ ಅನ್ನುವ ಬ್ಯಾಕ್ಟೀರಿಯಾ. ಇಲ್ಲಿ ಬಿಸಿ ಏರಿಸಿದರೆ ರೋಗ ಇನ್ನೂ ಜೋರಾಗುತ್ತದೆ. 24ರಲ್ಲೇ ಇಟ್ಟು, ಆ ಮೀನನ್ನು ಬೇರೆ ಮಾಡಿ, ಪಶುವೈದ್ಯರನ್ನು ಕೇಳಿ ಆಂಟಿಬಯೋಟಿಕ್ ಕೊಡಿ. ಗುದದ್ವಾರದಿಂದ ಕೆಂಪು ನೂಲಿನಂತೆ ಎರಡು ಮೂರು ಎಳೆ ಹೊರಗೆ ಕಂಡರೆ ಜಂತು. ಲೆವಾಮಿಸೋಲ್ ಕೆಲಸ ಮಾಡುತ್ತದೆ. ದನಕ್ಕೂ ಕೊಡುವ ಔಷಧಿ ಅದು, ಅಳತೆಯನ್ನು ಪಶು ಆಸ್ಪತ್ರೆಯಲ್ಲೇ ಕೇಳಿ. ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ ಕೊಡಬೇಕು.

ಮರಿ ಆಗುತ್ತಿಲ್ಲ, ಇಲ್ಲವೇ ಆದ ಮರಿ ಉಳಿಯುತ್ತಿಲ್ಲ

ಗಪ್ಪಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. 25–26 ಡಿಗ್ರಿಯಲ್ಲಿ ನಾಲ್ಕು ವಾರಕ್ಕೊಮ್ಮೆ. ಬಾಲದ ಬುಡದ ಹತ್ತಿರ ಹೊಟ್ಟೆಯಲ್ಲಿರುವ ಕಪ್ಪು ಚುಕ್ಕೆ ದೊಡ್ಡದಾಗಿ, ಹೊಟ್ಟೆ ಮುಂಭಾಗದಲ್ಲಿ ಚೌಕ ಆಕಾರಕ್ಕೆ ಬಂದರೆ ಹತ್ತಿರವಾಗಿದೆ ಅಂತ. ತಿಂಗಳೂವರೆ ಆದರೂ ಹಾಕಿಲ್ಲ ಅಂದರೆ ಮತ್ತೆ ಥರ್ಮಾಮೀಟರ್ ನೋಡಿ, ತಣ್ಣೀರಿನಲ್ಲಿ ಗಬ್ಬದ ಕಾಲ ಉದ್ದವಾಗುತ್ತದೆ. ಗಂಡಿಲ್ಲ ಅನ್ನುವ ಚಿಂತೆ ಬೇಡ. ಹೆಣ್ಣು ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಉಳಿಸಿಕೊಂಡು ಹಲವು ಸಲ ಮರಿ ಹಾಕಬಲ್ಲದು. ಅಂಗಡಿಯಿಂದ ತಂದ ದೊಡ್ಡ ಹೆಣ್ಣು ಹೆಚ್ಚಾಗಿ ಗಬ್ಬವಾಗಿಯೇ ಬಂದಿರುತ್ತದೆ.

ಸತ್ತ ಮರಿ, ಹೊಟ್ಟೆಯಲ್ಲಿ ಹಳದಿ ಗಂಟು ಇರುವ ಮರಿ ಬಿದ್ದಿದ್ದರೆ ದಿನ ತುಂಬುವ ಮುಂಚೆ ಹಾಕಿದೆ. ಸಾಮಾನ್ಯ ಕಾರಣ ಬ್ರೀಡರ್ ಬಾಕ್ಸ್. ಹೆಣ್ಣನ್ನು ಬಲೆಯಲ್ಲಿ ಹಿಡಿದು ಅಂಗೈಯಗಲದ ಡಬ್ಬಿಗೆ ವಾರಗಟ್ಟಲೆ ಕೂಡಿಹಾಕಿದರೆ ಅದು ಕಂಗೆಡುತ್ತದೆ. ನನಗೆ ಆ ಡಬ್ಬಿಯೇ ಇಷ್ಟವಿಲ್ಲ. ತೊಟ್ಟಿಯ ಒಂದು ಮೂಲೆಗೆ ಜಾವಾ ಮಾಸ್ (ನೀರಿನಲ್ಲಿ ಬೆಳೆಯುವ ಪಾಚಿಯಂಥ ಗಿಡ) ದಟ್ಟವಾಗಿ ತುಂಬಿ, ಮೇಲೆ ತೇಲುವ ಗಿಡ ಬಿಡಿ. ಮರಿಗಳು ಹುಟ್ಟಿದ ಕೂಡಲೇ ಅಲ್ಲಿ ನುಗ್ಗಿ ಅವಿತುಕೊಳ್ಳುತ್ತವೆ. ಎಲ್ಲಾ ಉಳಿಯುವುದಿಲ್ಲ, ತಾಯಿಯೇ ಕೆಲವನ್ನು ತಿನ್ನುತ್ತದೆ. ಎಲ್ಲಾ ಉಳಿದರೆ ಇಡುವುದಾದರೂ ಎಲ್ಲಿ ಅಲ್ವಾ?

ಹೆಣ್ಣು ಸೊರಗುತ್ತಾ ಮೂಲೆ ಸೇರುತ್ತಿದ್ದರೆ ಗಂಡುಗಳನ್ನು ಎಣಿಸಿ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಬೇಕು. ಗಂಡು ಜಾಸ್ತಿಯಾದರೆ ಬೆಳಗಿನಿಂದ ಸಂಜೆ ತನಕ ಅಟ್ಟಾಡಿಸುತ್ತವೆ. ಬೆನ್ನು ಡೊಂಕಿನ ಮರಿ ಪ್ರತಿ ಸಲ ಬರುತ್ತಿದ್ದರೆ ಒಂದೇ ಮನೆತನದೊಳಗೆ ತಲೆಮಾರು ಕಟ್ಟಿದ್ದರ ಫಲ ಇರಬಹುದು. ಬೇರೆ ಊರಿನವರ ತೊಟ್ಟಿಯಿಂದ ಗಂಡು ಬದಲಾಯಿಸಿ. ಆದರೆ ಬೆಳೆದ ಮೀನಿಗೆ ಹೊಸದಾಗಿ ಬೆನ್ನು ಬಾಗಿ ಮೈ ಸೊರಗಿದರೆ ಅದು ಮೀನಿನ ಕ್ಷಯವೂ ಆಗಿರಬಹುದು. ಕೈಯಲ್ಲಿ ಗಾಯವಿದ್ದಾಗ ಆ ನೀರಿಗೆ ಕೈ ಹಾಕಬೇಡಿ, ಅದು ಚರ್ಮಕ್ಕೆ ಅಂಟುತ್ತದೆ.

ಮೂರು ನಾಲ್ಕು ವಾರ ತುಂಬಿದ ಮರಿಗಳಲ್ಲಿ ಗಂಡು ಗುರುತಿಸಿ ಬೇರೆ ಮಾಡಿ. ಕೆಳಗಿನ ರೆಕ್ಕೆ ತ್ರಿಕೋನವಾಗಿದ್ದರೆ ಹೆಣ್ಣು, ಕಡ್ಡಿಯಂತೆ ಚೂಪಾಗುತ್ತಿದ್ದರೆ ಗಂಡು. ತಡಮಾಡಿದರೆ ಎರಡು ಮೂರು ತಿಂಗಳಲ್ಲಿ ತೊಟ್ಟಿ ತುಂಬಿ, ಅಮೋನಿಯಾ ಏರಿ, ಮೇಲೆ ಹೇಳಿದ ಎಲ್ಲಾ ದೋಷಗಳೂ ಒಂದೊಂದಾಗಿ ಬರುತ್ತವೆ. ಹೆಚ್ಚಾದ ಮರಿಗಳನ್ನು ತೋಡಿಗೋ ಗದ್ದೆಗೋ ಬಿಡಬೇಡಿ. ಹೊರದೇಶದ ಈ ಮೀನು ನಮ್ಮ ಹೊಳೆಗಳ ಸಣ್ಣ ಮೀನುಗಳ ಆಹಾರಕ್ಕೆ ಪೈಪೋಟಿ ಕೊಡುತ್ತದೆ, ಅವುಗಳ ಮೊಟ್ಟೆಯನ್ನೂ ತಿನ್ನುತ್ತದೆ. ಸೊಳ್ಳೆ ಮರಿ ತಿನ್ನಲಿ ಅಂತ ಬಿಡುವುದಾದರೆ ಹೊರಗೆ ಹರಿಯಲು ದಾರಿಯಿಲ್ಲದ ಸಿಮೆಂಟ್ ತೊಟ್ಟಿಗೆ ಮಾತ್ರ ಬಿಡಿ, ಅದೂ ಮಳೆಗೆ ತುಂಬಿ ಉಕ್ಕದ ಹಾಗೆ ಬಾಯಿಗೆ ಬಲೆ ಕಟ್ಟಿ.